ಡಿಕ್ಕಿಯ ಸರಳು ಮತ್ತು ದೊಡ್ಡ ಸ್ಪೀಕರ್

ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿ ಇರುವ ಅನೇಕ ಕಾರುಗಳಲ್ಲಿ, ಹಿಂದಿನ ಗಾಜಿನ ಕೆಳಗೆ ಸ್ಪೀಕರ್ ಕೂರಿಸುವ ತಗಡಿನ ಹಲಗೆಯೂ ಡಿಕ್ಕಿಯ ಮುಚ್ಚಳವನ್ನು ಎತ್ತಿ ನಿಲ್ಲಿಸುವ ಸ್ಪ್ರಿಂಗ್ ಸರಳುಗಳೂ ಒಂದೇ ಇಕ್ಕಟ್ಟಾದ ಜಾಗವನ್ನು ಹಂಚಿಕೊಂಡಿರುತ್ತವೆ. ಕಾರ್ಖಾನೆಯಿಂದ ಬಂದ ಸಣ್ಣ ಸ್ಪೀಕರ್ ತೆಗೆದು ದೊಡ್ಡದನ್ನು ಹಾಕಲು ಹೊರಟಾಗ ಅದರ ಬೆನ್ನಿಗಿರುವ ಅಯಸ್ಕಾಂತ ಈ ಸರಳುಗಳಿಗೆ ತಾಗುವುದರಿಂದ, ಸರಳನ್ನೇ ಬೇರೆ ಆಕಾರದಲ್ಲಿ ಮಾಡಿಸಬೇಕಾದ ಪ್ರಸಂಗ ಬರುತ್ತದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಸುತ್ತಮುತ್ತ ಇಂಥ ಕೆಲಸಕ್ಕೆ ಬೇಕಾದ ಆಸೆಯೂ ಇದೆ, ಕೈಚಳಕವೂ ಇದೆ. ಬೇಕಾದದ್ದನ್ನು ತಾವೇ ಮಾಡಿಕೊಳ್ಳುವ ಛಲ ಇಲ್ಲಿ ಹೊಸದಲ್ಲ: ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಮ್ಮದೇ ಹಣ ಮತ್ತು ಶ್ರಮ ಕೂಡಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ, ಶ್ರಮಬಿಂದು ಸಾಗರವೆಂದು ಹೆಸರಾದ ಬ್ಯಾರೇಜು ಇರುವುದು ಇಲ್ಲಿಯೇ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ದಾರಿ ಹಿಡಿಯುವ ಟ್ರ್ಯಾಕ್ಟರುಗಳ ಮೇಲೆ ದೊಡ್ಡ ದೊಡ್ಡ ಸ್ಪೀಕರುಗಳು ಮೊಳಗುವುದು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೆಗಿನ ಈ ಇಡೀ ಸೀಮೆಗೆ ಪರಿಚಿತವಾದದ್ದು. ಟ್ರ್ಯಾಕ್ಟರಿಗೆ ಸ್ಪೀಕರ್ ಸೆಟ್ ಕೂರಿಸಿ ಪಳಗಿದ ಕೈ ಕಾರಿನ ಡಿಕ್ಕಿಗೆ ಬಂದಾಗ ಎದುರಾಗುವ ಪ್ರಶ್ನೆಗಳನ್ನು, ಯಂತ್ರಶಾಸ್ತ್ರದ ಹಿರಿಯ ಅಧ್ಯಾಪಕರೊಬ್ಬರು ಮತ್ತು ಸೆಟ್ ಕೂರಿಸುವ ಕಿರಿಯ ಕೆಲಸಗಾರನೊಬ್ಬನ ನಡುವಿನ ಮಾತುಕತೆಯ ರೂಪದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಕೆಲಸಗಾರ: ಸರ್, ಹಿಂದಿನ ಹಲಗೆಯ ಅಡಿಯಲ್ಲಿ ಎರಡು ಸರಳುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾಯ್ದಿರುತ್ತವೆ. ಆರು-ಒಂಬತ್ತು ಇಂಚಿನ ಅಂಡಾಕಾರದ ಸ್ಪೀಕರ್ ತಂದರೆ ಅದರ ಆಳ ಸುಮಾರು 80 ಮಿಲಿಮೀಟರ್ ಇರುತ್ತದೆ, ಸರಳು ಮಾತ್ರ ಹಲಗೆಯಿಂದ 50 ಮಿಲಿಮೀಟರ್ ಕೆಳಗೇ ಅಡ್ಡ ಬರುತ್ತದೆ. ಕೆಲವರು ಒಂದು ಸರಳನ್ನು ಕಿತ್ತು ಹಾಕಿಬಿಡುತ್ತಾರೆ, ಕೆಲವರು ಗ್ಯಾಸ್ ಬತ್ತಿಯಿಂದ ಕೆಂಪಗೆ ಕಾಯಿಸಿ ಕೆಳಕ್ಕೆ ಬಗ್ಗಿಸುತ್ತಾರೆ. ಎರಡರಲ್ಲೂ ಮುಚ್ಚಳ ಮೊದಲಿನ ಹಾಗೆ ನಿಲ್ಲುವುದಿಲ್ಲ. ಆ ಸರಳು ನೋಡಲು ಬರಿಯ ಕಂಬಿ, ಸುರುಳಿಯೇ ಇಲ್ಲ; ಅದು ಸ್ಪ್ರಿಂಗ್ ಆಗುವುದಾದರೂ ಹೇಗೆ?

ಅಧ್ಯಾಪಕ: ಸ್ಪ್ರಿಂಗ್ ಎನಿಸಿಕೊಳ್ಳಲು ಸುರುಳಿ ಬೇಕೆಂಬ ನಿಯಮವಿಲ್ಲ, ತಮ್ಮಾ. ಬಲ ಹಾಕಿದಾಗ ಆಕಾರ ಬದಲಿಸಿ, ಬಲ ತೆಗೆದಾಗ ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕೆ ಸ್ಥಿತಿಸ್ಥಾಪಕತೆ ಎಂದು ಹೆಸರು. ಅದನ್ನು ಕೆಲಸಕ್ಕೆ ಹಚ್ಚಿದ ಯಾವ ವಸ್ತುವಾದರೂ ಸ್ಪ್ರಿಂಗೇ ಆಗುತ್ತದೆ. ಲಾರಿಯ ಪಾಟಾ ಬಾಗುವುದರಿಂದ ಸ್ಪ್ರಿಂಗ್ ಆಗುತ್ತದೆ, ಡಿಕ್ಕಿಯ ಸರಳು ತಿರುಚಿಕೊಳ್ಳುವುದರಿಂದ ಸ್ಪ್ರಿಂಗ್ ಆಗುತ್ತದೆ, ಆದ್ದರಿಂದ ಅದನ್ನು ತಿರುಚು ಸರಳು ಎನ್ನಬಹುದು. ಅದರ ಒಂದು ತುದಿ ಕಾರಿನ ಮೈಗೆ ಒಂದು ಬದಿಯಲ್ಲಿ ಕಚ್ಚಿಕೊಂಡು ಅಲುಗದಂತೆ ನಿಂತಿರುತ್ತದೆ. ಇನ್ನೊಂದು ತುದಿ ಎದುರು ಬದಿಯ ಬಿಜಾಗರಿಯ ತೋಳಿಗೆ ಆತುಕೊಂಡು ಮುಚ್ಚಳದ ಜೊತೆಗೆ ತಿರುಗುತ್ತದೆ. ಮುಚ್ಚಳ ಹಾಕಿದಾಗ ಸರಳು ಹೆಚ್ಚು ತಿರುಚಿಕೊಂಡು ಶಕ್ತಿಯನ್ನು ಒಳಗೆ ತುಂಬಿಕೊಳ್ಳುತ್ತದೆ, ತೆರೆದಾಗ ಆ ಶಕ್ತಿಯನ್ನು ಮುಚ್ಚಳವನ್ನು ಎತ್ತಲು ಬಿಟ್ಟುಕೊಡುತ್ತದೆ. ಫ್ರಾನ್ಸಿನ ಕೂಲಂಬ್ 1784ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೋಹದ ತಂತಿಗಳನ್ನು ತಿರುಚಿ ನೋಡಿ, ಬೇಕಾಗುವ ತಿರುಗುಬಲವು ತಿರುಚಿದ ಕೋನಕ್ಕೆ ಅನುಗುಣವಾಗಿ ಏರುತ್ತದೆ, ತಂತಿಯ ಉದ್ದ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ದಪ್ಪದ ವಿಷಯದಲ್ಲಿ ಮಾತ್ರ ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂದು ತೋರಿಸಿಕೊಟ್ಟನು. ತಿರುಗುಬಲವೆಂದರೆ ಒಂದು ಬಲವನ್ನು ಅದು ತಿರುಗಿಸುವ ಅಕ್ಷದಿಂದ ಇರುವ ದೂರದೊಡನೆ ಗುಣಿಸಿದಾಗ ಬರುವ ಗುಣಲಬ್ಧ. ಉದ್ದನೆಯ ಪಾನಾ ಹಿಡಿದರೆ ಬಿಗಿಯಾದ ನಟ್ಟು ಸುಲಭವಾಗಿ ಸಡಿಲುವುದು ಈ ಕಾರಣದಿಂದಲೇ.

ಕೆಲಸಗಾರ: ಉದ್ದದ ಮಾತು ಬನಹಟ್ಟಿಯ ಮಗ್ಗದವರಿಗೂ ಗೊತ್ತು ಸರ್. ಮಗ್ಗದ ಡಾಬಿ ಎಂಬ ಸಲಕರಣೆಯ ಸ್ಪ್ರಿಂಗಿನಲ್ಲಿ ತಂತಿ ಹೆಚ್ಚಾದಷ್ಟೂ ಅದು ಮೆತ್ತಗಾಗುತ್ತದೆ ಎಂದು ಹೇಳುತ್ತಾರೆ. ದಪ್ಪದ ನಾಲ್ಕನೆಯ ಘಾತ ಎಂದರೆ ಎಷ್ಟು ವ್ಯತ್ಯಾಸ?

ಅಧ್ಯಾಪಕ: ಮಗ್ಗದವರು ಹೇಳುವುದು ಸರಿ, ಏಕೆಂದರೆ ಸುರುಳಿ ಸ್ಪ್ರಿಂಗನ್ನು ಎಳೆದಾಗಲೂ ಅದರ ತಂತಿ ಒಳಗೊಳಗೆ ತಿರುಚಿಕೊಳ್ಳುತ್ತಲೇ ಇರುತ್ತದೆ. ದಪ್ಪದ ಮಾತಿಗೆ ಬಂದರೆ, 6 ಮಿಲಿಮೀಟರ್ ವ್ಯಾಸದ ಸರಳಿನ ಬದಲು 7 ಮಿಲಿಮೀಟರಿನದನ್ನು ಹಾಕಿದಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಅತ್ಯಲ್ಪವಾದರೂ ಬಿಗುಪು ಶೇಕಡಾ 85ರಷ್ಟು ಏರುತ್ತದೆ. ಬಿಗುಪು ಎಂದರೆ ಒಂದು ಡಿಗ್ರಿ ತಿರುಚಲು ಬೇಕಾಗುವ ತಿರುಗುಬಲ. ಹಾಗೆ ಮಾಡಿದ ಡಿಕ್ಕಿಯ ಬೀಗ ತೆಗೆದೊಡನೆ ಮುಚ್ಚಳ ಮೇಲಕ್ಕೆ ಚಿಮ್ಮುತ್ತದೆ, ಮುಚ್ಚುವವರು ಮೈಭಾರ ಹಾಕಿ ಒತ್ತಬೇಕಾಗುತ್ತದೆ. ಸರಳನ್ನು ಮಾಡಿಸುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಹಳೆಯದರ ವ್ಯಾಸವನ್ನು ಅಳೆಯಬೇಕು ಎನ್ನುವುದು ಇದಕ್ಕಾಗಿ. ಬಣ್ಣದ ಪದರ ಉಜ್ಜಿ ತೆಗೆದ ಮೇಲೆ ಅಳೆಯಬೇಕು, ಏಕೆಂದರೆ ಆ ಪದರದ ದಪ್ಪವೂ ಲೆಕ್ಕವನ್ನು ಕೆಡಿಸುವಷ್ಟಿರುತ್ತದೆ.

ಕೆಲಸಗಾರ: ಒಂದು ಲೆಕ್ಕವನ್ನು ಮಾಡಿ ತೋರಿಸಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಧ್ಯಾಪಕ: ಮುಚ್ಚಳದ ತೂಕ 12 ಕಿಲೋ, ಅದರ ಭಾರಕೇಂದ್ರ ಬಿಜಾಗರಿಯಿಂದ 45 ಸೆಂಟಿಮೀಟರ್ ಹಿಂದೆ ಎಂದು ಇಟ್ಟುಕೊಂಡರೆ, ಅದು ಮಲಗಿರುವಾಗ ಕೆಳಗೆಳೆಯುವ ತಿರುಗುಬಲ ಸುಮಾರು 53 ನ್ಯೂಟನ್ ಮೀಟರ್ ಆಗುತ್ತದೆ. ಎರಡು ಸರಳುಗಳು ಇದನ್ನು ಅರ್ಧರ್ಧ ಹೊರುತ್ತವೆ. 6 ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಉಕ್ಕಿನ ಸರಳು ಅಷ್ಟು ತಿರುಗುಬಲ ಕೊಡಬೇಕಾದರೆ ಸುಮಾರು 150 ಡಿಗ್ರಿ ತಿರುಚಿಕೊಂಡಿರಬೇಕು. ಮುಚ್ಚಳ 90 ಡಿಗ್ರಿ ತೆರೆಯುತ್ತದೆ, ಸರಳಿನ ತುದಿಯೂ ಅಷ್ಟೇ ತಿರುಗುತ್ತದೆ ಎಂದಾದರೆ ಪೂರ್ತಿ ತೆರೆದ ಮೇಲೂ ಸರಳಿನಲ್ಲಿ 60 ಡಿಗ್ರಿ ತಿರುಚು ಉಳಿದಿರುತ್ತದೆ, ಮತ್ತು ಈ ಉಳಿಕೆಯಲ್ಲಿಯೇ ವಿನ್ಯಾಸಕಾರನ ಜಾಣ್ಮೆ ಅಡಗಿದೆ. ಮುಚ್ಚಳ ಮೇಲೇಳುತ್ತಿದ್ದಂತೆ ಅದರ ಭಾರದ ತಿರುಗುಬಲ ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ ಇಳಿಯುತ್ತದೆ. ಸರಳಿನದಾದರೋ ಒಂದೇ ಗತಿಯಲ್ಲಿ ಇಳಿಯುತ್ತದೆ. 45 ಡಿಗ್ರಿಯಲ್ಲಿ ಭಾರ ಕೇಳುವುದು ಸುಮಾರು 37 ನ್ಯೂಟನ್ ಮೀಟರ್, 105 ಡಿಗ್ರಿ ತಿರುಚು ಉಳಿದಿರುವ ಎರಡು ಸರಳುಗಳು ಸೇರಿ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಮುಂದೆ ಸರಳಿನ ಕೈ ಮೇಲಾಗುತ್ತದೆ, ಮುಚ್ಚಳ ತಾನಾಗಿ ಏರಿ ಗಾಳಿಗೂ ಬೀಳದಂತೆ ನಿಲ್ಲುತ್ತದೆ. ಒಂದು ಸರಳನ್ನು ಕಿತ್ತವನು ಈ ಸಮತೋಲವನ್ನು ಪೂರ್ತಿಯಾಗಿ ಕೆಡಿಸಿರುತ್ತಾನೆ. ಕೆಳಗೆ ಬಗ್ಗಿ ಸಾಮಾನು ತೆಗೆಯುವವರ ತಲೆಯ ಮೇಲೆ ಆ ಮುಚ್ಚಳ ಬೀಳುವ ಅಪಾಯವಿದೆ, ಆದ್ದರಿಂದ ಅದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಕೆಲಸಗಾರ: ಹಾಗಾದರೆ ಅಯಸ್ಕಾಂತದ ಕೆಳಗೆ ಬರುವ ಭಾಗವನ್ನಷ್ಟೇ ತೊಟ್ಟಿಲಿನಂತೆ ಕೆಳಗಿಳಿಸಿ, ಉಳಿದದ್ದನ್ನು ಮೊದಲಿನಂತೆಯೇ ಬಿಟ್ಟರೆ ಸಾಕಲ್ಲವೇ? ಅಯಸ್ಕಾಂತ ತಪ್ಪಿಸಿ ಕೈಯಾಡಲು 40 ಮಿಲಿಮೀಟರ್ ಇಳಿಸಿದರೆ ಆಯಿತು.

ಅಧ್ಯಾಪಕ: ತತ್ತ್ವ ಸರಿಯಿದೆ, ಆದರೆ ಬೆಂಚಿನ ಮೇಲೆ ಕಾಣುವ ಆಕಾರ ಕಾರಿನೊಳಗೆ ಉಳಿಯುವುದಿಲ್ಲ ಎಂಬ ಒಂದು ಸಂಗತಿಯನ್ನು ಬಿಟ್ಟ ಕಾರಣಕ್ಕೇ ಇಂಥ ಕೆಲಸಗಳು ಹೆಚ್ಚಾಗಿ ಕೆಡುತ್ತವೆ. ಸರಳು ತಿರುಚಿಕೊಳ್ಳುವಾಗ ಅದರ ಪ್ರತಿಯೊಂದು ಬಿಂದುವೂ ತಿರುಗುತ್ತದೆ, ಕಚ್ಚಿಕೊಂಡ ತುದಿಯಿಂದ ದೂರ ಹೋದಷ್ಟೂ ಹೆಚ್ಚು ತಿರುಗುತ್ತದೆ. ಸ್ಪೀಕರುಗಳು ಎರಡೂ ಬದಿಗಳಿಂದ 20 ಸೆಂಟಿಮೀಟರ್ ಒಳಗೆ ಇವೆ ಎನ್ನೋಣ. ಮುಚ್ಚಳ ತೆರೆಯುವಾಗ, ಎಡಕ್ಕೆ ಕಚ್ಚಿಕೊಂಡ ಸರಳು ಎಡ ಸ್ಪೀಕರಿನ ಕೆಳಗೆ 90 ಡಿಗ್ರಿಯ ಐದನೆಯ ಒಂದು ಪಾಲು, ಅಂದರೆ 18 ಡಿಗ್ರಿ ಮಾತ್ರ ತಿರುಗುತ್ತದೆ. ಅದೇ ಸರಳು ಬಲ ಸ್ಪೀಕರಿನ ಕೆಳಗೆ 72 ಡಿಗ್ರಿ ತಿರುಗುತ್ತದೆ. ಸರಳುಗಳು ಎರಡು, ಒಂದಕ್ಕೊಂದು ಎದುರುಬದುರಾಗಿ ಕಚ್ಚಿಕೊಂಡವು. ಆದ್ದರಿಂದ ಪ್ರತಿಯೊಂದು ಸ್ಪೀಕರಿನ ಅಡಿಯಲ್ಲಿ ಒಂದು ಬಹುಪಾಲು ಸುಮ್ಮನಿರುವ ಸರಳೂ ಇನ್ನೊಂದು ಬೀಸಿ ತಿರುಗುವ ಸರಳೂ ಜೊತೆಯಾಗಿ ಇರುತ್ತವೆ. ಇಳಿಸಿದ ತೊಟ್ಟಿಲು ಡಿಕ್ಕಿ ಮುಚ್ಚಿದಾಗ ನೇರ ಕೆಳಕ್ಕೆ ಇಳಿಬಿದ್ದಿದ್ದರೆ, ತೆರೆದಾಗ ಅದು 72 ಡಿಗ್ರಿ ಬೀಸಿ ಬಹುತೇಕ ಅಡ್ಡಲಾಗಿ ಏರಿ ಅಯಸ್ಕಾಂತಕ್ಕೆ ಹೊಡೆಯುತ್ತದೆ.

ಕೆಲಸಗಾರ: ಮುಚ್ಚಿ ನೋಡಿದಾಗ ಸರಿಯಿದ್ದದ್ದು ತೆರೆದಾಗ ಟಣ್ ಎನ್ನುವುದು ಅದಕ್ಕೇ ಇರಬೇಕು. ಪರಿಹಾರ ಏನು?

ಅಧ್ಯಾಪಕ: ಬೀಸಿನ ನಡುಮಧ್ಯದಲ್ಲಿ ತೊಟ್ಟಿಲು ನೇರ ಕೆಳಮುಖವಾಗಿರುವಂತೆ ಕೋನವನ್ನು ಆರಿಸಬೇಕು. ಆಗ 72 ಡಿಗ್ರಿಯ ಬೀಸು ಮುಂದಕ್ಕೆ 36, ಹಿಂದಕ್ಕೆ 36 ಎಂದು ಹಂಚಿಹೋಗುತ್ತದೆ. ತೊಟ್ಟಿಲಿನ ಕಾಲುಗಳನ್ನು 50 ಮಿಲಿಮೀಟರ್ ಉದ್ದ ಮಾಡಿದರೆ ಎರಡೂ ಕೊನೆಗಳಲ್ಲಿ 40 ಮಿಲಿಮೀಟರ್ ಇಳಿವು ಸಿಗುತ್ತದೆ. ಸುಮ್ಮನಿರುವ ಬದಿಯಲ್ಲಿ ಹಂಚಿಕೆ 9 ಮತ್ತು 9 ಡಿಗ್ರಿಯಾದ್ದರಿಂದ ಅಲ್ಲಿ ಇಳಿವು ಬಹುಮಟ್ಟಿಗೆ ಪೂರ್ತಿ 50 ಉಳಿಯುತ್ತದೆ. ಇದರ ಜೊತೆಗೆ ಸರಳನ್ನು ಕೂರಿಸುವಾಗ ಮೊದಲೇ ಕೊಡುವ 60 ಡಿಗ್ರಿಯ ತಿರುಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಹಾಗೆ ಸೇರಿಸಿದರೆ, ಬಿಡಿಯಾಗಿ ಬೆಂಚಿನ ಮೇಲಿರುವಾಗ ಬೀಸುವ ಬದಿಯ ತೊಟ್ಟಿಲು ನೇರ ಕೆಳಮುಖದಿಂದ 84 ಡಿಗ್ರಿ ಹಿಂದೆ, ಸುಮ್ಮನಿರುವ ಬದಿಯದು 21 ಡಿಗ್ರಿ ಹಿಂದೆ ಇರಬೇಕಾಗುತ್ತದೆ. ಹಿಂದೆ ಎಂದರೆ ತಿರುಚುವ ದಿಕ್ಕಿಗೆ ವಿರುದ್ಧವಾಗಿ. ಒಂದೇ ಸರಳಿನ ಎರಡು ತೊಟ್ಟಿಲುಗಳ ನಡುವೆ ಹೀಗೆ 63 ಡಿಗ್ರಿಯ ಅಂತರ ಇರುತ್ತದೆ. ನೋಡುವವರಿಗೆ ಅದು ಓರೆಕೋರೆಯಾಗಿ ಬಗ್ಗಿಸಿದ ಕೆಟ್ಟ ಕೆಲಸದಂತೆ ಕಾಣಬಹುದು, ಆದರೆ ಎರಡೂ ಒಂದೇ ಸಮತಲದಲ್ಲಿ ಚೆಂದವಾಗಿ ಬಗ್ಗಿಸಿದ ಸರಳೇ ಕಾರಿನಲ್ಲಿ ಓರೆಯಾಗುತ್ತದೆ.

ಕೆಲಸಗಾರ: ಪಕ್ಕದ ಸರಳಿಗೆ ಈ ಬೀಸು ತಾಗುವುದಿಲ್ಲವೇ?

ಅಧ್ಯಾಪಕ: ಹತ್ತಿರವಿದ್ದರೆ ಖಂಡಿತ ತಾಗುತ್ತದೆ. ಬೀಸುವ ತೊಟ್ಟಿಲು ನಡುಗೆರೆಯಿಂದ ಎರಡೂ ಕಡೆಗೆ ಸುಮಾರು 29 ಮಿಲಿಮೀಟರ್ ಸರಿಯುತ್ತದೆ, ನೆರೆಯದು ಅದೇ ದಿಕ್ಕಿಗೆ 8 ಮಿಲಿಮೀಟರ್ ಮಾತ್ರ ಸರಿಯುತ್ತದೆ. ವ್ಯತ್ಯಾಸ 21, ಸರಳಿನ ದಪ್ಪ 6, ಆದ್ದರಿಂದ ಆ ಸ್ಥಳದಲ್ಲಿ ಎರಡರ ನಡುವೆ 30 ಮಿಲಿಮೀಟರ್ ಅಂತರ ಬಿಡುವುದು ಕ್ಷೇಮ. ಇಷ್ಟೆಲ್ಲ ಜಾಗ ಸಿಗದ ಕಾರಿನಲ್ಲಿ ಪ್ಲೈವುಡ್ಡಿನ 20 ಮಿಲಿಮೀಟರ್ ದಪ್ಪದ ಬಳೆಯನ್ನು ಸ್ಪೀಕರಿನ ಅಡಿಗೆ ಕೊಟ್ಟು ಅದನ್ನು ಹಲಗೆಯ ಮೇಲೆತ್ತಬೇಕು. ಆಗ ಬೇಕಾದ ಇಳಿವು ಅರ್ಧಕ್ಕೆ ಬಂದು ತೊಟ್ಟಿಲಿನ ಕಾಲು 25 ಮಿಲಿಮೀಟರಿಗೆ ಮುಗಿಯುತ್ತದೆ, ಬೀಸೂ ಅರ್ಧವಾಗುತ್ತದೆ. ಸರಳಿಗೆ ಕೈ ಹಚ್ಚುವ ಮೊದಲು ಬಳೆಯ ಉಪಾಯವನ್ನು ನೋಡುವುದೇ ಒಳ್ಳೆಯ ಕ್ರಮ.

ಕೆಲಸಗಾರ: ತೊಟ್ಟಿಲು ಮಾಡಿದರೆ ತಂತಿಯ ಉದ್ದ ಹೆಚ್ಚುತ್ತದೆ. ಬನಹಟ್ಟಿಯವರ ಮಾತಿನ ಪ್ರಕಾರ ಸರಳು ಮೆತ್ತಗಾಗಬೇಕು.

ಅಧ್ಯಾಪಕ: ಆಗುತ್ತದೆ, ಎಷ್ಟು ಎನ್ನುವುದನ್ನೂ ಹೇಳಬಹುದು. ತೊಟ್ಟಿಲಿನ ಅಡಿಯ ಭಾಗ ಮೊದಲಿನಂತೆ ತಿರುಚಿಕೊಳ್ಳುತ್ತದೆ, ಆದರೆ ಅಕ್ಷಕ್ಕೆ ಲಂಬವಾಗಿರುವ ಕಾಲುಗಳು ತಿರುಚಿಕೊಳ್ಳುವ ಬದಲು ಬಾಗುತ್ತವೆ. ದುಂಡನೆಯ ಉಕ್ಕಿನ ಸರಳು ತಿರುಚಿಗಿಂತ ಬಾಗುವಿಕೆಗೆ ಸುಮಾರು 1.3 ಪಟ್ಟು ಬಿಗುವಾಗಿರುವುದರಿಂದ, 50 ಮಿಲಿಮೀಟರಿನ ನಾಲ್ಕು ಕಾಲುಗಳ 200 ಮಿಲಿಮೀಟರ್ ಉದ್ದ ಸುಮಾರು 154 ಮಿಲಿಮೀಟರ್ ಹೆಚ್ಚುವರಿ ಸರಳಿಗೆ ಸಮನಾಗುತ್ತದೆ. ಅಷ್ಟೇ ಕೋನಕ್ಕೆ ತಿರುಚಿದರೆ ಬರುವ ತಿರುಗುಬಲ ಹಿಂದಿನದರ ಶೇಕಡಾ 87ಕ್ಕೆ ಇಳಿಯುತ್ತದೆ, ಬಿಜಾಗರಿಯಿಂದ 90 ಸೆಂಟಿಮೀಟರ್ ದೂರದ ಅಂಚಿನಲ್ಲಿ ಮುಚ್ಚಳ ಎತ್ತುವ ಕೈಗೆ ಸುಮಾರು 800 ಗ್ರಾಂ ಹೆಚ್ಚು ಭಾರ ಎನಿಸುತ್ತದೆ. ಇಲ್ಲಿ ನಾಲ್ಕನೆಯ ಘಾತದ ನಿಯಮ ಉಪಕಾರಕ್ಕೆ ಬರುತ್ತದೆ: 6 ಮಿಲಿಮೀಟರಿನ ಬದಲು 6.3 ಮಿಲಿಮೀಟರಿನ ತಂತಿ ಹಾಕಿದರೆ ಬಿಗುಪು ಶೇಕಡಾ 22ರಷ್ಟು ಏರಿ, ಕಳೆದುಕೊಂಡದ್ದು ಮರಳಿ ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ. ಈ ಉಳಿಕೆ ತೊಂದರೆ ಕೊಡುವಷ್ಟು ದೊಡ್ಡದಲ್ಲ.

ಕೆಲಸಗಾರ: ಬಗ್ಗಿಸುವ ರೀತಿಯ ಮಾತು ಉಳಿಯಿತು. ಕಮ್ಮಾರರು ಲಾರಿಯ ಹಳೆಯ ಪಾಟಾ ಕಾಯಿಸಿ ಬಡಿದು ಕಬ್ಬು ಕಡಿಯುವ ಕೊಯ್ತಾ ಮಾಡುತ್ತಾರೆ, ಅದು ಎಷ್ಟು ಹಂಗಾಮು ಕಡಿದರೂ ಮುರಿಯುವುದಿಲ್ಲ. ಪಾಟಾದ ಉಕ್ಕು ಬೆಂಕಿಯನ್ನು ತಾಳುವುದಾದರೆ ಈ ಸರಳು ಯಾಕೆ ತಾಳುವುದಿಲ್ಲ?

ಅಧ್ಯಾಪಕ: ಪಾಟಾ ಕೂಡ ಬೆಂಕಿಯಲ್ಲಿ ತನ್ನ ಸ್ಪ್ರಿಂಗ್ ಗುಣವನ್ನು ಕಳೆದುಕೊಳ್ಳುತ್ತದೆ, ಕಮ್ಮಾರ ಅದನ್ನು ಮತ್ತೆ ಸಂಪಾದಿಸಿಕೊಡುತ್ತಾನೆ. ಕೆಂಪಗೆ ಕಾದ ಕೊಯ್ತಾದ ಬಾಯನ್ನು ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ಗಡಸು ಮಾಡಿ, ಆಮೇಲೆ ಹಿತವಾಗಿ ಕಾಯಿಸಿ ಆ ಗಡಸಿನ ಬಿರುಸನ್ನು ಇಳಿಸುವ ಕೆಲಸಕ್ಕೆ ಹದಗೊಳಿಸುವುದು ಎಂದು ಹೆಸರು. ಅವನಿಗೆ ಹದ ಬೇಕಾಗುವುದು ಒಂದು ಗೇಣು ಬಾಯಿಗೆ, ಅದರ ಮೇಲೆ ಅವನ ಕಣ್ಣಿನ ಹಿಡಿತ ಪೂರ್ತಿಯಾಗಿರುತ್ತದೆ. ಒಂದು ಮೀಟರ್ ಉದ್ದದ ತೆಳ್ಳನೆಯ ಸರಳಿಗೆ ತುದಿಯಿಂದ ತುದಿಗೆ ಒಂದೇ ಹದ ಕೊಡುವುದು ಬಯಲು ಕುಲುಮೆಯಲ್ಲಿ ಬಹು ಕಷ್ಟ. ಗ್ಯಾಸ್ ಬತ್ತಿಯಿಂದ ಒಂದೇ ಜಾಗವನ್ನು ಕೆಂಪಗೆ ಮಾಡಿದರೆ ಅಲ್ಲಿ ಉಕ್ಕು ಮೆತ್ತಗಾಗಿ, ತಿರುಚಿದಾಗ ಮರಳಿ ಬರದೆ ಹಾಗೆಯೇ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಮುಚ್ಚಳ ತಲೆ ತಗ್ಗಿಸುವುದು ಇದೇ ಕಾರಣದಿಂದ. ಕಾದ ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸಿನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ, ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಹಿಡಿದು ಕುಲುಮೆಯವರು ಇದನ್ನು ಪರೀಕ್ಷಿಸಬಹುದು. ಆದರೆ ಸ್ಪ್ರಿಂಗ್ ತಂತಿಯ ಬಲ ಅದಕ್ಕಿಂತ ಬಹಳ ಮೊದಲೇ ಕರಗಿರುತ್ತದೆ. ಆದ್ದರಿಂದ ಸ್ಪ್ರಿಂಗ್ ಉಕ್ಕಿನ ಹೊಸ ತಂತಿ ತಂದು ತಣ್ಣಗೇ ಬಗ್ಗಿಸಬೇಕು. ದಪ್ಪನೆಯ ತಗಡಿನ ಮೇಲೆ ದುಂಡನೆಯ ಗೂಟಗಳನ್ನು ಬೆಸೆದು ಅಚ್ಚು ಮಾಡಿ, ಉದ್ದನೆಯ ಪೈಪನ್ನು ಹಿಡಿಕೆಯಾಗಿ ತೊಡಿಸಿ, ಬಾಗಿನ ಒಳತ್ರಿಜ್ಯ ತಂತಿಯ ದಪ್ಪದ ಮೂರು ಪಟ್ಟಿಗಿಂತ ಕಡಿಮೆಯಾಗದಂತೆ ಎಳೆಯಬೇಕು. ಬಿಟ್ಟೊಡನೆ ತಂತಿ ಸ್ವಲ್ಪ ಹಿಂದಕ್ಕೆ ಪುಟಿಯುವುದರಿಂದ ಬೇಕಾದ ಕೋನಕ್ಕಿಂತ ಹೆಚ್ಚೇ ಬಗ್ಗಿಸಬೇಕು. ಎಷ್ಟು ಹೆಚ್ಚು ಎನ್ನುವುದನ್ನು ಅದೇ ತಂತಿಯ ಒಂದು ತುಂಡಿನ ಮೇಲೆ ಮೊದಲು ಕಲಿಯಬೇಕು.

ಕೆಲಸಗಾರ: ಬಗ್ಗಿಸಿದ ಮೇಲೆ ಬೆಂಕಿಯೇ ಬೇಡವೇ?

ಅಧ್ಯಾಪಕ: ಕಾವು ಬೇಕು, ಕೆಂಪು ಬೇಡ. ತಣ್ಣಗೆ ಬಗ್ಗಿಸಿದ ಜಾಗದಲ್ಲಿ ಸಿಕ್ಕಿಕೊಂಡ ಒಳ ಒತ್ತಡವನ್ನು ಸಡಿಲಿಸಲು ಇಂಥ ತಂತಿಯನ್ನು ಸುಮಾರು 250 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವ ಪದ್ಧತಿಯಿದೆ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೈ ಆ ಕಾವಿನಲ್ಲಿ ಹುಲ್ಲಿನ ಹಳದಿಯಿಂದ ಕಂದಿಗೆ ತಿರುಗುತ್ತದೆ. 300 ಡಿಗ್ರಿಯ ಸುಮಾರಿಗೆ ನೀಲಿ ಬಂತೆಂದರೆ ಕಾವು ಬೇಕಾದುದಕ್ಕಿಂತ ಹೆಚ್ಚಾಯಿತೆಂದು ತಿಳಿಯಬೇಕು. ಬಾಗಿದ ಕಾಲುಗಳ ಮೇಲೆ ಬೀಳುವ ಒತ್ತಡ ನೇರ ಭಾಗದ ತಿರುಚು ಒತ್ತಡದ ಎರಡರಷ್ಟು; ಉಕ್ಕು ಬಾಗುವಿಕೆಯ ಒತ್ತಡವನ್ನು ಸುಮಾರು 1.7 ಪಟ್ಟು ಹೆಚ್ಚು ತಾಳಿಕೊಳ್ಳುತ್ತದೆಯಾದರೂ ಶೇಕಡಾ 15ರಷ್ಟು ಹೊರೆ ಕಾಲಿನ ಮೇಲೆ ಹೆಚ್ಚಾಗಿಯೇ ಉಳಿಯುತ್ತದೆ. ಬಾಗಿನ ಒಳಮೈಯಲ್ಲಿ ಇಕ್ಕಳದ ಹಲ್ಲಿನ ಗುರುತು ಬಿದ್ದಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆದುದರಿಂದ ಗುರುತು ಬಿದ್ದ ತಂತಿಯನ್ನು, ಖರ್ಚು ಎಷ್ಟೇ ಆಗಿರಲಿ, ಕಾರಿಗೆ ಹಾಕಬಾರದು.

ಕೆಲಸಗಾರ: ಹಳೆಯದನ್ನು ಬಿಚ್ಚುವಾಗ ಕೈಗೆ ಪೆಟ್ಟಾದವರಿದ್ದಾರೆ ಸರ್.

ಅಧ್ಯಾಪಕ: ಮುಚ್ಚಿದ ಸ್ಥಿತಿಯಲ್ಲಿ ಒಂದೊಂದು ಸರಳೂ ಹಿಡಿದಿಟ್ಟಿರುವ ಶಕ್ತಿ ಮೂರೂವರೆ ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟಿರುತ್ತದೆ. ಪೂರ್ತಿ ತೆರೆದಾಗ ಅದು ಆರನೆಯ ಒಂದು ಪಾಲಿಗೆ ಇಳಿಯುವುದರಿಂದ ಬಿಚ್ಚುವ ಕೆಲಸವನ್ನು ತೆರೆದೇ ಮಾಡಬೇಕು, ಮುಚ್ಚಳಕ್ಕೆ ಗಟ್ಟಿಯಾದ ಆನಿಕೆ ಕೊಟ್ಟಿರಬೇಕು, ಸರಳಿನ ತುದಿಗೆ ಪೈಪ್ ತೊಡಿಸಿ ಹಿಡಿತದಲ್ಲಿಟ್ಟುಕೊಂಡು ಕಚ್ಚಿನಿಂದ ಬಿಡಿಸಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಕೆಲಸಗಾರ: ಇಷ್ಟು ಕಷ್ಟಪಟ್ಟು ಹಾಕಿದ ದೊಡ್ಡ ಸ್ಪೀಕರ್ ನಿಜವಾಗಿ ಎಷ್ಟು ಹೆಚ್ಚು ಕೊಡುತ್ತದೆ?

ಅಧ್ಯಾಪಕ: ಆರು ಇಂಚಿನ ದುಂಡು ಸ್ಪೀಕರಿಗಿಂತ ಆರು-ಒಂಬತ್ತರ ಅಂಡಾಕಾರಕ್ಕೆ ಒಂದೂವರೆ ಪಟ್ಟು ವಿಸ್ತಾರವಿದೆ, ಆ ವಿಸ್ತಾರದ ಪ್ರಯೋಜನ ಮುಖ್ಯವಾಗಿ ಡೊಳ್ಳಿನಂಥ ತಗ್ಗು ದನಿಗಳಿಗೆ. ಕಂಪನದ ವೇಗ ಅರ್ಧಕ್ಕೆ ಇಳಿದಾಗ ಅಷ್ಟೇ ಗಟ್ಟಿಯಾಗಿ ಕೇಳಿಸಲು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಸ್ಪೀಕರಿನ ಮುಂಬದಿ ಗಾಳಿಯನ್ನು ತಳ್ಳುವಾಗ ಹಿಂಬದಿ ಎಳೆಯುತ್ತಿರುತ್ತದೆ. ಹಲಗೆಯಲ್ಲಿ ತೂತುಗಳಿದ್ದರೆ ಇವೆರಡೂ ಕೂಡಿ ತಗ್ಗು ದನಿಯನ್ನು ಅಳಿಸಿಹಾಕುತ್ತವೆ. ಹಲಗೆಯ ಪ್ರತಿಯೊಂದು ತೂತನ್ನೂ ಮುಚ್ಚಿ ಡಿಕ್ಕಿಯನ್ನೇ ದೊಡ್ಡ ಪೆಟ್ಟಿಗೆಯಾಗಿ ಮಾಡಿಕೊಂಡರೆ ಸಣ್ಣ ಸ್ಪೀಕರೂ ಆಶ್ಚರ್ಯಪಡುವಷ್ಟು ಚೆನ್ನಾಗಿ ಕೇಳಿಸುತ್ತದೆ, ಇದನ್ನು ಮಾಡದೆ ದೊಡ್ಡದನ್ನು ತರುವುದರಲ್ಲಿ ಅರ್ಥವಿಲ್ಲ. ಗಟ್ಟಿತನಕ್ಕೂ ಮಿತಿಯಿದೆ. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ಸ್ಥಳಗಳ ಸದ್ದಿಗೆ ಕಡಿವಾಣ ಹಾಕಿವೆ. ಕಬ್ಬಿನ ಟ್ರ್ಯಾಕ್ಟರಿನ ಚಾಲಕನಿಗೆ ಹಿಂದಿನ ವಾಹನದ ಹಾರ್ನು ಕೇಳಿಸದಷ್ಟು ಸದ್ದು ಹಾಕುವ ರೂಢಿ ಕಾರಿಗೂ ಬರುವುದು ಬೇಡ.

ಕೆಲಸಗಾರ: ಆ 84, 21 ಡಿಗ್ರಿಗಳ ಲೆಕ್ಕ ಈ ಉದಾಹರಣೆಯ ಕಾರಿನದು. ಬೇರೆ ಕಾರು ಬಂದರೆ ಸೂತ್ರ ಹಿಡಿದು ಕೂರುವುದು ಅಂಗಡಿಯಲ್ಲಿ ಆಗದ ಮಾತು.

ಅಧ್ಯಾಪಕ: ಸೂತ್ರ ಬೇಕಾಗಿಲ್ಲ, ತಮ್ಮಾ. ಹಳೆಯ ಸರಳನ್ನು ಬಿಚ್ಚಿ ಬೆಂಚಿನ ಮೇಲಿಟ್ಟು ಅದರ ಉದ್ದಕ್ಕೂ ಬಿಳಿ ಬಣ್ಣದಿಂದ ಒಂದು ನೇರ ಗೆರೆ ಎಳೆದು, ಮತ್ತೆ ಕಾರಿಗೆ ಕೂರಿಸಬೇಕು. ತಿರುಚಿಕೊಂಡ ಸರಳಿನ ಮೇಲೆ ಆ ಗೆರೆ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ, ಮತ್ತು ಸ್ಪೀಕರ್ ಬರುವ ಜಾಗದಲ್ಲಿ ಅದು ಎಷ್ಟು ಸುತ್ತಿದೆಯೋ ಅಷ್ಟೇ ಆ ಜಾಗದ ಕೋನ. ಮೊಬೈಲನ್ನು ದೀಪ ಹಚ್ಚಿ ಡಿಕ್ಕಿಯೊಳಗೆ ನಿಲ್ಲಿಸಿ, ಮುಚ್ಚಳ ಮುಚ್ಚಿ ತೆರೆಯುವುದನ್ನು ವಿಡಿಯೋ ತೆಗೆದರೆ ಎರಡೂ ಕೊನೆಗಳ ಕೋನಗಳು ಸಿಗುತ್ತವೆ. ಅವುಗಳ ನಡುವಿನದನ್ನು ಕಾಗದದ ಕೋನಮಾಪಕದಿಂದ ಗುರುತಿಸಿಕೊಂಡು ಅಚ್ಚಿನ ಮೇಲೆ ಬರೆದಿಡಬೇಕು.

ಕೆಲಸಗಾರ: ಒಂದು ಸರಳಿಗೆ ಅಚ್ಚು ಸಿದ್ಧವಾದರೆ ಅದೇ ಅಚ್ಚಿನಲ್ಲಿ ಇನ್ನೊಂದನ್ನೂ ತೆಗೆಯಬಹುದಲ್ಲವೇ?

ಅಧ್ಯಾಪಕ: ಹಾಗೆ ತೆಗೆದರೆ ಎರಡನೆಯದರ ಬೀಸುವ ಬದಿಯ ತೊಟ್ಟಿಲು ಮೇಲ್ಮುಖವಾಗಿ ಸ್ಪೀಕರಿಗೇ ಚುಚ್ಚುತ್ತದೆ. ಬಲದ ಸರಳು ಎಡದ್ದರ ಕನ್ನಡಿಯ ಪ್ರತಿಬಿಂಬವಾಗಿರಬೇಕು, ಕೋನಗಳು ಅಷ್ಟೇ, ದಿಕ್ಕು ಮಾತ್ರ ಎದುರು. ಅಚ್ಚಿನ ಎರಡೂ ಮುಖಗಳಿಗೆ ಎಡ, ಬಲ ಎಂದು ಬಣ್ಣದಲ್ಲಿ ಬರೆದು, ಬಗ್ಗಿಸುವ ಮೊದಲೇ ಎರಡು ತಂತಿಗಳಿಗೂ ಹೆಸರಿನ ಚೀಟಿ ಅಂಟಿಸಿಡುವುದು ಒಳ್ಳೆಯದು.